ಗೆಲ್ಲದವರ ಓಟ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಊರುಗಳಲ್ಲಿ ಬೆಳಗಿನ ಐದೂವರೆಗೆ ರಸ್ತೆಗಿಳಿದರೆ ಓಡುವ ಹುಡುಗರು ಎದುರಾಗುತ್ತಾರೆ. ಬಹುಪಾಲು ಹುಡುಗರ ತಲೆಯಲ್ಲಿ ಒಂದೇ ಲೆಕ್ಕ: 1,600 ಮೀಟರ್, 6 ನಿಮಿಷ 30 ಸೆಕೆಂಡ್. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಗಂಡಸರು ಮುಟ್ಟಬೇಕಾದ ಗುರಿ ಅದು. ನೇಮಕಾತಿ ಮುಗಿಯಿತೋ, ಓಟವೂ ಮುಗಿಯಿತು. ಕೆಲಸ ಸಿಕ್ಕವನೂ ನಿಲ್ಲಿಸುತ್ತಾನೆ, ಸಿಗದವನೂ ನಿಲ್ಲಿಸುತ್ತಾನೆ.

ಉಳಿದ ಓಟಗಳ ಕಥೆಯೂ ಹೆಚ್ಚುಕಡಿಮೆ ಇದೇ. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟವಿರಲಿ, ದಸರಾ ಕ್ರೀಡಾಕೂಟವಿರಲಿ, ರಾಜ್ಯೋತ್ಸವದ ರಸ್ತೆ ಓಟವಿರಲಿ, ಮೈಕಿನಲ್ಲಿ ಕೇಳುವುದು ಪ್ರಥಮ, ದ್ವಿತೀಯ, ತೃತೀಯ. ಕಮಿಟಿಯವರು ಧಾರಾಳಿಗಳಾದರೆ ಒಂದು ಸಮಾಧಾನಕರ ಬಹುಮಾನ. ಕೊನೆಯವನು ಬರುವ ಹೊತ್ತಿಗೆ ಶಾಮಿಯಾನ ಬಿಚ್ಚುತ್ತಿರುತ್ತಾರೆ. ಹಾಗಾದರೆ ಗೆಲ್ಲುವ ಆಸೆಯೇ ಇಲ್ಲದ ಗೃಹಿಣಿ, ಬ್ಯಾಂಕ್ ನೌಕರ, ಕೊಬ್ಬರಿ ವ್ಯಾಪಾರಿ ಎದೆಗೆ ನಂಬರ್ ಸಿಕ್ಕಿಸಿಕೊಂಡು ನಡುಬೀದಿಯಲ್ಲಿ ಓಡುವ ಪದ್ಧತಿ ಬಂದದ್ದು ಎಲ್ಲಿಂದ?

ಬೆಳಗಾವಿಯ ಚೌಗುಲೆ

ಕರ್ನಾಟಕದ ಮಟ್ಟಿಗೆ ಈ ಕಥೆಯನ್ನು ಬೆಳಗಾವಿಯಿಂದ ಶುರು ಮಾಡಬೇಕು. 1919ರಲ್ಲಿ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟಕ್ಕೆ ಹೋಗಿದ್ದ ಸರ್ ದೊರಾಬ್ಜಿ ಟಾಟಾ, ಬರಿಗಾಲಲ್ಲಿ ಓಡುತ್ತಿದ್ದ ರೈತರ ಮಕ್ಕಳ ವೇಗ ಕಂಡು ಬೆರಗಾದರು. ಇವರನ್ನು ಒಲಿಂಪಿಕ್ಸ್‌ಗೆ ಕಳಿಸಲೇಬೇಕೆಂದು ಪಟ್ಟು ಹಿಡಿದರು. ಹಾಗೆ ಹೊರಟ ತಂಡದಲ್ಲಿ ಬೆಳಗಾವಿಯ ಫಡೆಪ್ಪ ದರೆಪ್ಪ ಚೌಗುಲೆ ಇದ್ದರು. 1920ರ ಆಂಟ್ವರ್ಪ್ ಒಲಿಂಪಿಕ್ಸ್ ಮ್ಯಾರಥಾನ್‌ನಲ್ಲಿ ಅವರು 2 ಗಂಟೆ 50 ನಿಮಿಷ 45 ಸೆಕೆಂಡ್‌ಗಳಲ್ಲಿ ಓಡಿ 19ನೆಯವರಾದರು. ಅಂದಿನ ದಾರಿ 42.75 ಕಿ.ಮೀ. ಈಗ ಎಲ್ಲೆಡೆ ಓಡುವ 42.195 ಕಿ.ಮೀ. ಅಧಿಕೃತವಾದದ್ದು ಮರುವರ್ಷ, 1921ರಲ್ಲಿ.

ಆ ಕಾಲದ ಒಲಿಂಪಿಕ್ಸ್ ಹವ್ಯಾಸಿಗಳಿಗೆ ಮಾತ್ರ ಮೀಸಲು. ಹಣಕ್ಕೆ ಓಡಿದವರಿಗೆ ಬಾಗಿಲು ಮುಚ್ಚಿತ್ತು. ಆದರೂ ಹವ್ಯಾಸಿ ಎಂದರೆ ಅಸಾಮಾನ್ಯ ವೇಗದ ಗಂಡಸು ಎಂದೇ ಅರ್ಥವಾಗಿತ್ತು. ನಿಧಾನವಾಗಿ ಓಡುವವರಿಗೆ, ಹೆಂಗಸರಿಗೆ ರಸ್ತೆಯಲ್ಲಿ ಜಾಗವಿರಲಿಲ್ಲ.

ನಿಧಾನಕ್ಕೂ ಮಾನ್ಯತೆ

ಆ ಜಾಗ ತೆರೆದದ್ದು 1960ರ ದಶಕದಲ್ಲಿ. ನ್ಯೂಜಿಲೆಂಡ್‌ನ ಕೋಚ್ ಆರ್ಥರ್ ಲಿಡಿಯಾರ್ಡ್ ಒಲಿಂಪಿಕ್ ಚಾಂಪಿಯನ್‌ಗಳನ್ನು ತಯಾರು ಮಾಡಿದವರು. ಅವರೇ ನಡುವಯಸ್ಸಿನವರಿಗೂ, ಹೃದಯದ ತೊಂದರೆ ಇದ್ದವರಿಗೂ ಮೆಲ್ಲಗೆ ಓಡುವುದನ್ನು ಕಲಿಸಿದರು. ಇದರಿಂದ ಹುಟ್ಟಿದ್ದು 1962ರ ಆಕ್ಲೆಂಡ್ ಜಾಗರ್ಸ್ ಕ್ಲಬ್. ಇದನ್ನು ಕಣ್ಣಾರೆ ಕಂಡ ಅಮೆರಿಕದ ಕೋಚ್ ಬಿಲ್ ಬೋವರ್‌ಮನ್ ತಮ್ಮ ದೇಶಕ್ಕೂ ಜಾಗಿಂಗ್ ಗೀಳು ಹಚ್ಚಿದರು. 1967ರಲ್ಲಿ ಬಾಸ್ಟನ್ ಮ್ಯಾರಥಾನ್‌ನಲ್ಲಿ 261ನೇ ನಂಬರ್ ತೊಟ್ಟು ಓಡುತ್ತಿದ್ದ ಕ್ಯಾಥರಿನ್ ಸ್ವಿಟ್ಜರ್ ಅವರನ್ನು ಅಧಿಕಾರಿಯೊಬ್ಬರು ನಡುದಾರಿಯಲ್ಲೇ ಎಳೆದು ಹಾಕಲು ನೋಡಿದರು. ಸ್ವಿಟ್ಜರ್ ಓಟ ಮುಗಿಸಿಯೇ ಬಿಟ್ಟರು. ಬಾಸ್ಟನ್ 1972ರಲ್ಲಿ ಹೆಂಗಸರಿಗೆ ಅಧಿಕೃತ ಪ್ರವೇಶ ಕೊಟ್ಟಿತು, ಒಲಿಂಪಿಕ್ ಮ್ಯಾರಥಾನ್ 1984ರಲ್ಲಿ.

ಇಂದು ಐವತ್ತು ಸಾವಿರ ಜನ ಓಡುವ ನ್ಯೂಯಾರ್ಕ್ ಮ್ಯಾರಥಾನ್ 1970ರಲ್ಲಿ ಶುರುವಾದಾಗ ಹೊರಟವರು 127 ಮಂದಿ, ಮುಗಿಸಿದವರು 55. ದೊಡ್ಡ ಓಟಗಳೆಲ್ಲ ಮೊದಲಿಗೆ ಪುಟ್ಟ ಓಟಗಳೇ.

ತಂತ್ರಜ್ಞಾನವೂ ಕೈಜೋಡಿಸಿತು. ಮೊದಲು ಗುಂಪಿನ ಹಿಂದೆ ನಿಂತವನಿಗೆ ಗೆರೆ ಮುಟ್ಟುವುದರಲ್ಲೇ ಹಲವು ನಿಮಿಷ ಹೋಗುತ್ತಿತ್ತು, ಅದೂ ಅವನ ಲೆಕ್ಕಕ್ಕೇ ಬರುತ್ತಿತ್ತು. 1990ರ ದಶಕದಲ್ಲಿ ಶೂಗೆ ಕಟ್ಟುವ ಚಿಪ್ ಬಂತು. ಪ್ರತಿಯೊಬ್ಬರೂ ಹೊರಟ ಗಳಿಗೆ, ಮುಟ್ಟಿದ ಗಳಿಗೆ ಪ್ರತ್ಯೇಕವಾಗಿ ದಾಖಲಾಗತೊಡಗಿತು. ಓಟಗಾರ ತನ್ನ ಹಿಂದಿನ ಸಮಯದ ಜೊತೆ ತಾನೇ ಪೈಪೋಟಿಗೆ ಇಳಿಯಲು ಆಧಾರ ಸಿಕ್ಕಿತು.

ಭಾರತದಲ್ಲಿ ಪುಣೆ ಅಂತರರಾಷ್ಟ್ರೀಯ ಮ್ಯಾರಥಾನ್ 1983ರಲ್ಲೇ ಆರಂಭವಾಗಿತ್ತು. ಆದರೆ ಸಾವಿರಾರು ಸಾಮಾನ್ಯರನ್ನು ರಸ್ತೆಗೆ ಎಳೆತಂದದ್ದು 2004ರ ಮುಂಬೈ ಮ್ಯಾರಥಾನ್. 2008ರ ಮೇ ತಿಂಗಳಲ್ಲಿ ಬೆಂಗಳೂರಿನ ವಿಶ್ವ 10ಕೆ ಓಟ ಬಂತು. ವಿಶ್ವದರ್ಜೆಯ ಓಟಗಾರರು ಓಡುವ ಊರಿನಲ್ಲೇ ಹಿರಿಯ ನಾಗರಿಕರಿಗೊಂದು ಓಟ, ಸುಮ್ಮನೆ ಖುಷಿಗೆ ಓಡುವವರಿಗೆ ‘ಮಜ್ಜಾ ರನ್’. ಶ್ರೀರಂಗಪಟ್ಟಣದ ಕಾಲುವೆ ಏರಿಯ ಮೇಲೂ, ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆಯೂ ಓಟಗಳು ಹಬ್ಬಿದವು. ಆದರೆ ಪ್ರವೇಶ ಶುಲ್ಕ, ಪ್ರಯಾಣ, ದುಬಾರಿ ಶೂ ಸೇರಿಸಿದರೆ ಇದು ನಗರದವರ ಹವ್ಯಾಸವಾಗಿಯೇ ಉಳಿಯಿತು.

ಬಿಳಿಗೆರೆಗೆ ಏನು ಬೇಕು?

ಹಳ್ಳಿಗೆ ಹೊಂದುವ ಮಾದರಿ ಸಿಗುವುದು ಲಂಡನ್‌ನ ಬುಷಿ ಪಾರ್ಕ್‌ನಲ್ಲಿ. 2004ರ ಅಕ್ಟೋಬರ್ 2ರಂದು ಪಾಲ್ ಸಿಂಟನ್-ಹೆವಿಟ್ ಅಲ್ಲೊಂದು 5 ಕಿ.ಮೀ. ಓಟ ನಡೆಸಿದರು. ಓಡಿದವರು 13 ಮಂದಿ. ಶುಲ್ಕವಿಲ್ಲ, ಬಹುಮಾನವಿಲ್ಲ. ಗೆರೆ ಮುಟ್ಟಿದವರ ಕೈಗೆ ಕ್ರಮಸಂಖ್ಯೆ ಕೊರೆದ ಕಬ್ಬಿಣದ ವಾಷರ್ ಕೊಟ್ಟು ಸಮಯ ಬರೆದುಕೊಳ್ಳುತ್ತಿದ್ದರು. ಅದೇ ಇವತ್ತು ‘ಪಾರ್ಕ್‌ರನ್’ ಆಗಿ ಹಲವು ದೇಶಗಳಲ್ಲಿ ಪ್ರತಿ ವಾರ ನಡೆಯುತ್ತಿದೆ. ನಡೆಸುವವರು ಸ್ವಯಂಸೇವಕರು.

ತಿಪಟೂರು ಸೀಮೆಯ ಬಿಳಿಗೆರೆಯಂಥ ಊರಿನಲ್ಲಿ ಇಷ್ಟನ್ನು ಮಾಡುವುದು ಕಷ್ಟವೇನಲ್ಲ. ದಾರಿ ಅಳೆಯಲು ಸೈಕಲ್ ಸಾಕು, ಅಂತರರಾಷ್ಟ್ರೀಯ ಓಟಗಳ ದಾರಿಯನ್ನೂ ಸೈಕಲ್ ಚಕ್ರದ ಸುತ್ತುಗಳನ್ನು ಎಣಿಸಿಯೇ ಅಳೆಯುವುದು. ಮೊದಲು ಟೇಪು ಹಿಡಿದು ಅಳೆದ ನೇರ ದಾರಿಯಲ್ಲಿ ಸೈಕಲ್ ತುಳಿದು ಚಕ್ರದ ಲೆಕ್ಕ ಹಿಡಿಯಬೇಕು. ದಾರಿ ಕಡಿಮೆ ಬೀಳದಿರಲಿ ಎಂದು ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುವುದು ರೂಢಿ. ಲಾರಿಗಳ ಹೆದ್ದಾರಿ ಬಿಟ್ಟು ತೋಟಗಳ ನಡುವಿನ ರಸ್ತೆ ಆರಿಸಿಕೊಂಡರೆ ನೆರಳೂ ಸಿಗುತ್ತದೆ. ಪೊಲೀಸರಿಗೆ ಮೊದಲೇ ತಿಳಿಸಬೇಕು, ಆಂಬುಲೆನ್ಸ್ ನಂಬರ್ ಕೈಯಲ್ಲಿರಬೇಕು, ಬಿಸಿಲೇರುವ ಮುನ್ನ ಮುಗಿಸಬೇಕು. ನೀರಿನ ಜೊತೆ ಎಳನೀರು ಕೊಡಲು ನಮ್ಮ ಸೀಮೆಯಲ್ಲಿ ಪ್ರಾಯೋಜಕರನ್ನು ಹುಡುಕಬೇಕಿಲ್ಲ.

ಓಡುವವರಿಗೆ ಬೇಕಾದದ್ದು ತಾಳ್ಮೆ. ನಡಿಗೆ, ಓಟ ಎರಡನ್ನೂ ಬೆರೆಸಿ ಒಂಬತ್ತು ವಾರ ಅಭ್ಯಾಸ ಮಾಡಿದರೆ ಆರೋಗ್ಯವಂತರು 5 ಕಿ.ಮೀ. ಓಡಬಲ್ಲರು. ಬಿಪಿ, ಸಕ್ಕರೆ, ಎದೆನೋವು ಇದ್ದವರು ವೈದ್ಯರನ್ನು ಕೇಳಿಯೇ ಶುರು ಮಾಡಬೇಕು. ಉಂಡೆ ಕೊಬ್ಬರಿಗಾಗಿ ಅಟ್ಟದ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಕಾಯುವ ನಮಗೆ ಒಂಬತ್ತು ವಾರ ಯಾವ ಲೆಕ್ಕ?

ಯುವಕ ಸಂಘದವರು, ಸ್ತ್ರೀಶಕ್ತಿ ಸಂಘದವರು, ಶಾಲೆಯ ದೈಹಿಕ ಶಿಕ್ಷಕರು ಸೇರಿ ಈ ರಾಜ್ಯೋತ್ಸವಕ್ಕೆ ಒಂದು ಓಟ ಇಟ್ಟುಕೊಳ್ಳಲಿ. ಮೊದಲ ಮೂವರಿಗೆ ಬಹುಮಾನ ಬೇಕಿದ್ದರೆ ಕೊಡಲಿ. ಒಂದು ನಿಯಮವನ್ನು ಮಾತ್ರ ಬಿಡಬಾರದು: ಕೊನೆಯವರು ಗೆರೆ ಮುಟ್ಟಿ, ಅವರ ಸಮಯವೂ ಪುಸ್ತಕಕ್ಕೆ ಏರುವ ತನಕ ಶಾಮಿಯಾನ ಬಿಚ್ಚಕೂಡದು.