ಬೆಳಿಗ್ಗೆ ಹಾಕಿದ ನಿಂಬೆ ಸೆಂಟು ಅತ್ತಿಬೆಲೆ ದಾಟುವಷ್ಟರಲ್ಲಿ ಮಾಯ! ಏಕೆ?

ಅವಲಪಲ್ಲಿ: ಬೆಳಗಿನ ಪಾಳಿಗೆ ಹೊರಟ ಹುಡುಗರು ಸ್ನಾನ ಮುಗಿಸಿ, ಇಸ್ತ್ರಿ ಅಂಗಿ ತೊಟ್ಟು, ಕುತ್ತಿಗೆಗೆ ಪುಸ್ ಪುಸ್ ಎಂದು ಎರಡು ಸಲ ಸೆಂಟು ಹೊಡೆದುಕೊಂಡು ಬಸ್ಸಿಗೆ ಓಡುವುದು ಹೊಸೂರಿನ ಸುತ್ತಮುತ್ತ ಈಗ ಮಾಮೂಲು. ಕೆಲವರು ಸಿಪ್ಕಾಟ್ ಕಡೆಗೆ, ಕೆಲವರು ಗಡಿ ದಾಟಿ ಎಲೆಕ್ಟ್ರಾನಿಕ್ ಸಿಟಿ ಕಡೆಗೆ. ಒಂದು ಕಾಲದಲ್ಲಿ ಮದುವೆ, ಜಾತ್ರೆಗೆ ಮಾತ್ರ ಹೊರಬರುತ್ತಿದ್ದ ಸೆಂಟಿನ ಬಾಟಲಿ ಇಂದು ಕನ್ನಡಿಯ ಪಕ್ಕದಲ್ಲೇ ಖಾಯಂ ಆಗಿದೆ.

ಬಿಸಿಲಿಗೆ ಹಿತವೆನಿಸುವ ನಿಂಬೆ, ಕಿತ್ತಳೆ ಘಮದ 'ಫ್ರೆಶ್' ಸೆಂಟು ಎಂದರೆ ಗಂಡಸರಿಗೆ ಇಷ್ಟ. ಆದರೆ ದೂರು ಮಾತ್ರ ಒಂದೇ. ಸಂಬಳದಲ್ಲಿ ಉಳಿಸಿ ಸಾವಿರಾರು ರೂಪಾಯಿ ಕೊಟ್ಟು ತಂದ ಬಾಟಲಿ, ಬೆಳಿಗ್ಗೆ ಹಾಕಿಕೊಂಡರೆ ಮಧ್ಯಾಹ್ನದ ಊಟದ ಹೊತ್ತಿಗೆ ಹಾಕಿಕೊಂಡ ಗುರುತೇ ಇರುವುದಿಲ್ಲ. ಅಂಗಡಿಯವನು ಮೋಸ ಮಾಡಿದನೇ? ಮಾಡಿರಲೂಬಹುದು. ಆದರೆ ಅಸಲಿ ಬಾಟಲಿಯಾದರೂ ಹೀಗೇ ಆಗುತ್ತದೆ. ನಿಂಬೆ ಜಾತಿಯ ಘಮದ ಗುಣವೇ ಅದು.

ಸಿಪ್ಪೆಯಲ್ಲಿದೆ ಗುಟ್ಟು

ಕಿತ್ತಳೆ ಸಿಪ್ಪೆಯನ್ನು ದೀಪದ ಮುಂದೆ ಹಿಂಡಿದರೆ ಚಟಪಟ ಕಿಡಿ ಹಾರುವುದನ್ನು ಚಿಕ್ಕವರಿದ್ದಾಗ ನೋಡದವರು ಕಡಿಮೆ. ಹಾಗೆ ಉರಿಯುವುದು ಸಿಪ್ಪೆಯೊಳಗಿನ ಎಣ್ಣೆ. ನಮ್ಮ ನಿಂಬೆ, ತಮಿಳಿನ ಎಲುಮಿಚ್ಚೈ, ತೆಲುಗಿನ ನಿಮ್ಮಕಾಯ ಎಲ್ಲ ಒಂದೇ. ಮೋಸಂಬಿ ಎನ್ನಿ, ಸಾತ್ತುಕ್ಕುಡಿ ಎನ್ನಿ, ಈ ಕುಟುಂಬದ ಹಣ್ಣುಗಳ ಸಿಪ್ಪೆಯಲ್ಲೆಲ್ಲ ಲಿಮೋನಿನ್ ಎಂಬ ದ್ರವ್ಯ ಇರುತ್ತದೆ. ಕಿತ್ತಳೆ ಸಿಪ್ಪೆಯ ಎಣ್ಣೆಯಲ್ಲಂತೂ ಶೇ. 90ಕ್ಕಿಂತ ಹೆಚ್ಚು ಭಾಗ ಇದೇ.

ಲಿಮೋನಿನ್ ಬಹಳ ಹಗುರ. ಅದರ ಅಣುತೂಕ 136. ಶ್ರೀಗಂಧದ ಎಣ್ಣೆಯ ಮುಖ್ಯ ದ್ರವ್ಯವಾದ ಸ್ಯಾಂಟಲೋಲ್‌ನ ಅಣುತೂಕ 220. ಹಗುರವಾದದ್ದು ಬೇಗ ಆವಿಯಾಗಿ ಹಾರುತ್ತದೆ, ಭಾರವಾದದ್ದು ಚರ್ಮಕ್ಕೆ ಅಂಟಿಕೊಂಡು ಕೂರುತ್ತದೆ. ಹಣೆಗೆ ಹಚ್ಚಿದ ಗಂಧ ಸಂಜೆಯವರೆಗೂ ಸಣ್ಣಗೆ ಘಮಘಮಿಸುವುದಕ್ಕೂ, ಹಿಂಡಿದ ನಿಂಬೆಯ ವಾಸನೆ ಕೈಯಿಂದ ಬೇಗ ಹೋಗುವುದಕ್ಕೂ ಕಾರಣ ಇದೇ.

ಬಸ್ಸಿನಿಂದ ಇಳಿಯುವ ಪ್ರಯಾಣಿಕರಂತೆ

ಸೆಂಟು ತಯಾರಿಸುವವರು ಘಮವನ್ನು ಮೂರು ಪದರವಾಗಿ ಜೋಡಿಸುತ್ತಾರೆ. ಹೊಸೂರಿನಿಂದ ಬೆಂಗಳೂರಿಗೆ ಹೊರಟ ಬಸ್ಸಿಗೆ ಇದನ್ನು ಹೋಲಿಸಬಹುದು. ನಿಂಬೆ, ಕಿತ್ತಳೆ ಮೊದಲ ಪದರ. ಇವರು ಅತ್ತಿಬೆಲೆಯಲ್ಲೇ ಇಳಿದುಬಿಡುತ್ತಾರೆ, ಅಂದರೆ ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ. ಹೂವು, ಮಸಾಲೆ, ಲ್ಯಾವೆಂಡರ್ ಮುಂತಾದವು ನಡುವಿನ ಪದರ. ಇವರು ಎಲೆಕ್ಟ್ರಾನಿಕ್ ಸಿಟಿವರೆಗೆ ಬರುತ್ತಾರೆ. ಶ್ರೀಗಂಧ, ದೇವದಾರು, ಕಸ್ತೂರಿಯಂಥ ಘಮಗಳು ತಳದ ಪದರ. ಮೆಜೆಸ್ಟಿಕ್ ತಲುಪುವವರು ಇವರೇ.

ಆದ್ದರಿಂದ ಅಂಗಡಿಯಲ್ಲಿ ಮೂಸಿ 'ಆಹಾ' ಎಂದು ಕೂಡಲೇ ದುಡ್ಡು ಕೊಡುವುದು ಜಾಣತನವಲ್ಲ. ಆ ಹೊತ್ತಿಗೆ ಮೂಗಿಗೆ ಸಿಕ್ಕಿರುವುದು ಅತ್ತಿಬೆಲೆಯಲ್ಲಿ ಇಳಿಯುವ ಪ್ರಯಾಣಿಕರಷ್ಟೇ. ಮುಂಗೈಗೆ ಒಂದು ಸಲ ಹೊಡೆಸಿಕೊಂಡು, ಒಂದೆರಡು ಗಂಟೆ ಪೇಟೆ ತಿರುಗಿ, ಆಮೇಲೆ ಮತ್ತೆ ಮೂಸಿ ನೋಡುವುದು ಒಳ್ಳೆಯದು. ಉಳಿದ ಘಮ ಇಷ್ಟವಾದರೆ ಮಾತ್ರ ಕೊಳ್ಳಿ.

ಓಡಿಕೊಲೋನ್‌ನಿಂದ ಡಿಸೈನರ್ ಬಾಟಲಿಗೆ

ಈ ಘಮ ಹೊಸದೇನಲ್ಲ. ಜ್ವರ ಬಂದಾಗ ಬಟ್ಟೆಯನ್ನು ಓಡಿಕೊಲೋನ್‌ನಲ್ಲಿ ಅದ್ದಿ ಹಣೆಗೆ ಇಡುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಅದರ ಮೂಲ ಜರ್ಮನಿಯ ಕೊಲೋನ್ ನಗರ. ಇಟಲಿಯಿಂದ ಅಲ್ಲಿಗೆ ಹೋಗಿ ನೆಲೆಸಿದ ಫರೀನಾ ಎಂಬವರ ಮನೆತನ 1709ರಲ್ಲಿ ಆರಂಭಿಸಿದ ಅಂಗಡಿಯಿಂದ ನಿಂಬೆ ಜಾತಿಯ ಎಣ್ಣೆಗಳ ಈ 'ಕೊಲೋನ್ ನೀರು' ಲೋಕಕ್ಕೆಲ್ಲ ಹಬ್ಬಿತು.

ಇನ್ನು ಡಿಸೈನರ್ ಸೆಂಟು ಎಂದರೆ ಬಟ್ಟೆ ವಿನ್ಯಾಸದಲ್ಲಿ ಹೆಸರಾದ ಕಂಪನಿಗಳ ಹೆಸರಿನಲ್ಲಿ ಬರುವಂಥದು. ಬಾಟಲಿಯ ಮೇಲಿನ ಹೆಸರು ಬಟ್ಟೆ ಕಂಪನಿಯದಾದರೂ ಒಳಗಿನ ಘಮ ಕೂಡಿಸುವವರು ಅದರಲ್ಲೇ ಪಳಗಿದ ತಜ್ಞರು. ಡಿಯೋರ್ ಕಂಪನಿಗೆ 1966ರಲ್ಲಿ 'ಓ ಸೊವಾಜ್' ಮಾಡಿಕೊಟ್ಟ ಎಡ್ಮಂಡ್ ರುಡ್ನಿಟ್ಸ್ಕಾ ನಿಂಬೆ ಘಮದ ಜೊತೆಗೆ ಮಲ್ಲಿಗೆಯನ್ನು ಹೋಲುವ ಹೆಡಿಯೋನ್ ಎಂಬ ದ್ರವ್ಯ ಬಳಸಿದರು. ಭಾರವಾದ ಈ ದ್ರವ್ಯದಿಂದಾಗಿ ತಾಜಾತನ ಸ್ವಲ್ಪ ಹೊತ್ತು ಹೆಚ್ಚು ನಿಲ್ಲುವಂತಾಯಿತು. ಇಂದಿನ ಗಂಡಸರ 'ಫ್ರೆಶ್' ಸೆಂಟುಗಳು ಬಹುಪಾಲು ಇದೇ ಜಾಡಿನವು.

ಹೊಸೂರಿನವರಿಗೆ ಹತ್ತಿರದ ಉದಾಹರಣೆಯೂ ಇದೆ. 1980ರ ದಶಕದಲ್ಲಿ ಇಲ್ಲಿ ಕೈಗಡಿಯಾರ ತಯಾರಿಸಲು ಶುರುಮಾಡಿದ ಟೈಟಾನ್ ಕಂಪನಿ 2013ರಲ್ಲಿ 'ಸ್ಕಿನ್' ಹೆಸರಿನಲ್ಲಿ ಸೆಂಟಿನ ವ್ಯಾಪಾರಕ್ಕೂ ಇಳಿಯಿತು.

ಹಾಕಿಕೊಳ್ಳುವುದು ಹೇಗೆ?

ಬಾಟಲಿಯ ಮೇಲೆ 'ಓ ಡ ಕೊಲೋನ್' ಎಂದಿದ್ದರೆ ಘಮದ ಎಣ್ಣೆ ಸಾಮಾನ್ಯವಾಗಿ ಶೇ. 2ರಿಂದ 5. 'ಓ ಡ ಟಾಯ್ಲೆಟ್' ಎಂದಿದ್ದರೆ ಶೇ. 5ರಿಂದ 15. 'ಓ ಡ ಪರ್ಫ್ಯೂಮ್' ಎಂದಿದ್ದರೆ ಶೇ. 15ರಿಂದ 20. ಉಳಿದದ್ದು ಹೆಚ್ಚಾಗಿ ಮದ್ಯಸಾರ. ಒಂದೇ ಹೆಸರಿನ ಸೆಂಟು ಬೇರೆ ಬೇರೆ ಬಗೆಯಲ್ಲಿ ಸಿಗುವುದರಿಂದ ಈ ಸಣ್ಣ ಅಕ್ಷರ ಓದಿಯೇ ಕೊಳ್ಳಬೇಕು.

ಒಣ ಚರ್ಮದಿಂದ ಘಮ ಬೇಗ ಹೋಗುತ್ತದೆ. ಸ್ನಾನದ ನಂತರ ವಾಸನೆಯಿಲ್ಲದ ಕ್ರೀಮನ್ನೋ ಚೂರು ವ್ಯಾಸಲೀನನ್ನೋ ತೆಳುವಾಗಿ ಸವರಿ ಅದರ ಮೇಲೆ ಹೊಡೆದುಕೊಂಡರೆ ಹೆಚ್ಚು ಹೊತ್ತು ನಿಲ್ಲುತ್ತದೆ. ಹತ್ತಿ ಬಟ್ಟೆಯ ಮೇಲೂ ಚೆನ್ನಾಗಿ ನಿಲ್ಲುತ್ತದೆ. ಆದರೆ ಬಿಳಿ ಅಂಗಿಗೆ ಕಲೆಯಾಗಬಹುದು, ಒಳಮಡಿಕೆಯಲ್ಲಿ ಮೊದಲು ಪರೀಕ್ಷಿಸಿ. ಬೆವರಿನ ಮೇಲೆ ಹೊಡೆದು ವಾಸನೆ ಮುಚ್ಚುವ ಪ್ರಯತ್ನ ಬೇಡ. ಎರಡೂ ಸೇರಿ ಮೂರನೆಯದೇ ವಾಸನೆಯಾಗುತ್ತದೆ.

ಇನ್ನೊಂದು ಮಾತು. ಒಂದೇ ವಾಸನೆ ಸ್ವಲ್ಪ ಹೊತ್ತು ಮೂಗಿಗೆ ಬಡಿದರೆ ಮೂಗು ಅದನ್ನು ಗಮನಿಸುವುದನ್ನೇ ಬಿಡುತ್ತದೆ. ಹಾಕಿಕೊಂಡವನಿಗೆ 'ಹೋಗಿದೆ' ಅನಿಸಿದರೂ ಪಕ್ಕದ ಸೀಟಿನವರಿಗೆ ಹೋಗಿರುವುದಿಲ್ಲ. ಕಿಟಕಿ ಮುಚ್ಚಿದ ಕಂಪನಿ ಬಸ್ಸಿನಲ್ಲಿ ಉಬ್ಬಸದವರು, ತಲೆನೋವಿನವರು ಇರುತ್ತಾರೆ. ಎರಡು ಮೂರು ಸಲ ಹೊಡೆದರೆ ಸಾಕು. ಮತ್ತೆ ಬೇಕೆನಿಸಿದರೆ ಸಣ್ಣ ಸ್ಪ್ರೇ ಬಾಟಲಿಯಲ್ಲಿ ತುಂಬಿ ಇಟ್ಟುಕೊಂಡು ಮಧ್ಯಾಹ್ನ ಒಂದು ಸಲ ಹಾಕಿಕೊಳ್ಳಬಹುದು.

ಬಿಸಿಲು, ಬೆಂಕಿ: ಎಚ್ಚರ

'ದುಬಾರಿ ಸೆಂಟೇಕೆ, ನಿಂಬೆರಸವೇ ಸಾಕು' ಎಂದು ಕೆಲವರು ನಿಂಬೆ ಹೋಳನ್ನೇ ಕುತ್ತಿಗೆ, ಕಂಕುಳಿಗೆ ಉಜ್ಜಿಕೊಳ್ಳುವುದುಂಟು. ಇದು ಅಪಾಯ. ನಿಂಬೆ ಜಾತಿಯ ಹಣ್ಣಿನ ರಸ, ಸಿಪ್ಪೆಯ ಎಣ್ಣೆಗಳಲ್ಲಿರುವ ಕೆಲವು ದ್ರವ್ಯಗಳು ಚರ್ಮದ ಮೇಲಿದ್ದಾಗ ಬಿಸಿಲು ತಗುಲಿದರೆ ಸುಟ್ಟಂತೆ ಬೊಬ್ಬೆ ಏಳಬಹುದು. ಆಮೇಲೆ ಕಂದು ಕಲೆ ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ. ಇಟಲಿಯಲ್ಲಿ ಹೆಚ್ಚಾಗಿ ಬೆಳೆಯುವ ಬರ್ಗಮಾಟ್ ಹಣ್ಣಿನ ಎಣ್ಣೆ ಇದಕ್ಕೆ ಕುಖ್ಯಾತ. ಅದಕ್ಕೇ ಅಂತರರಾಷ್ಟ್ರೀಯ ಸುಗಂಧ ಸಂಘಟನೆ 'ಇಫ್ರಾ' ಇದರ ಬಳಕೆಗೆ ಮಿತಿ ಹಾಕಿದೆ. ಹೆಸರಾದ ಕಂಪನಿಗಳು ಆ ದ್ರವ್ಯ ತೆಗೆದ ಎಣ್ಣೆಯನ್ನೇ ಬಳಸುತ್ತವೆ. ನಕಲಿ ಬಾಟಲಿಯೊಳಗೆ ಏನಿದೆ ಎಂದು ಹೇಳುವವರು ಯಾರು?

ಮದ್ಯಸಾರಕ್ಕೆ ಬೆಂಕಿ ಬೇಗ ಹತ್ತುತ್ತದೆ. ಸೆಂಟು ಹಾಕಿಕೊಂಡ ಕೂಡಲೇ ದೀಪ ಹಚ್ಚುವುದು, ಬೀಡಿ ಸೇದುವುದು, ಒಲೆಯ ಮುಂದೆ ನಿಲ್ಲುವುದು ಬೇಡ. ಬಾಟಲಿಯನ್ನು ಬಿಸಿಲು ಬೀಳುವ ಕಿಟಕಿಯಲ್ಲೋ ಬೈಕಿನ ಡಬ್ಬಿಯಲ್ಲೋ ಇಡಬಾರದು. ಶಾಖಕ್ಕೆ, ಗಾಳಿಗೆ ಲಿಮೋನಿನ್ ಕೆಟ್ಟು ಚರ್ಮಕ್ಕೆ ತುರಿಕೆ ತರಬಹುದು. ಬೀರುವಿನ ಒಳಗೆ, ಅದರ ಪೆಟ್ಟಿಗೆಯಲ್ಲೇ ಇರಲಿ.

ಅಸಲಿಯೋ ನಕಲಿಯೋ?

ನಮ್ಮ ದೇಶದಲ್ಲಿ ಸೆಂಟು ಸೌಂದರ್ಯವರ್ಧಕಗಳ ಕಾಯಿದೆಯಡಿ ಬರುತ್ತದೆ. ತಯಾರಕರ ಹೆಸರು, ವಿಳಾಸ, ಬ್ಯಾಚ್ ಸಂಖ್ಯೆ, ಬಳಸಬೇಕಾದ ಅವಧಿ, ಗರಿಷ್ಠ ಬೆಲೆ ಇರಲೇಬೇಕು. ವಿದೇಶಿ ಬಾಟಲಿಯಾದರೆ ಆಮದುದಾರರ ಹೆಸರು, ವಿಳಾಸ, ನೋಂದಣಿ ಸಂಖ್ಯೆಯ ಚೀಟಿ ಇರಬೇಕು. ಪೆಟ್ಟಿಗೆಯ ಮತ್ತು ಬಾಟಲಿಯ ಬ್ಯಾಚ್ ಸಂಖ್ಯೆ ಒಂದೇ ಆಗಿರಬೇಕು. ಐದಾರು ಸಾವಿರದ ಬಾಟಲಿಯನ್ನು ಯಾರಾದರೂ ಫುಟ್‌ಪಾತಿನಲ್ಲಿ ಐನೂರಕ್ಕೆ ಕೊಡುತ್ತೇನೆಂದರೆ, ಅದು ಅಸಲಿಯಲ್ಲ ಎಂದೇ ತಿಳಿಯಬೇಕು. ಬಿಲ್ ಕೇಳಿ ಪಡೆಯುವುದನ್ನೂ ಮರೆಯಬಾರದು.

ಅಷ್ಟು ದುಡ್ಡು ಕೈಯಲ್ಲಿಲ್ಲದಿದ್ದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ದೊಡ್ಡ ಹೆಸರಿನ ನಕಲಿಗಿಂತ ಸಣ್ಣ ಹೆಸರಿನ ಅಸಲಿ ಮೇಲು. ನಿಂಬೆ ಘಮ ದಿನವಿಡೀ ಇರುವುದಿಲ್ಲ ಎಂಬುದು ಗೊತ್ತಿದ್ದರೆ, ಇರುವ ಅರ್ಧ ಗಂಟೆಯ ತಾಜಾತನಕ್ಕೆ ಎಷ್ಟು ಕೊಡಬಹುದೆಂದು ಲೆಕ್ಕ ಹಾಕುವುದೂ ಸುಲಭ. ಮಿಕ್ಕ ಹೊತ್ತಿಗೆ ಒಂದು ಸ್ನಾನ, ಒಗೆದ ಅಂಗಿ ಇದ್ದರೆ ಸಾಕಲ್ಲವೇ?