ಎಲೆಯ ತುದಿಯ ಉಪ್ಪು

ಊಟದ ಎಲೆಯಲ್ಲಿ ಉಪ್ಪಿಗೆ ಹಿಂದಿನಿಂದಲೂ ಒಂದು ಸ್ಥಾನ ಗೊತ್ತಾಗಿದೆ. ಎಡತುದಿಯಲ್ಲಿ ಚಿಟಿಕೆಯಷ್ಟು ಬಡಿಸಿ ಮುಂದೆ ಸಾಗುತ್ತಾರೆ. ಬೇಕಾದವರು ಬೆರಳಿನಿಂದ ತೆಗೆದುಕೊಳ್ಳುತ್ತಾರೆ. ಅದು ಕಣ್ಣಿಗೆ ಕಾಣುವ ಉಪ್ಪು. ಕೇಡು ಅದರಿಂದಲ್ಲ, ಸಾರು, ಪಲ್ಯ, ಹಪ್ಪಳ, ಕಡೆಗೆ ಸಿಹಿಯೆಂದೇ ನಾವು ನಂಬಿದ ಬಿಸ್ಕತ್ತಿನಲ್ಲಿಯೂ ಅಡಗಿ ಕುಳಿತ ಉಪ್ಪಿನಿಂದ.

ಉಪ್ಪು ದೇಹಕ್ಕೆ ಬೇಡವೆಂದಲ್ಲ. ಅದರೊಳಗಿನ ಸೋಡಿಯಂ ಇಲ್ಲದೆ ನರಗಳೂ ಸ್ನಾಯುಗಳೂ ಕೆಲಸಮಾಡಲಾರವು. ಆದರೆ ಅದು ಮಿತಿಮೀರಿದಾಗ ಅದರೊಡನೆ ನೀರೂ ದೇಹದಲ್ಲಿ ನಿಲ್ಲುತ್ತದೆ. ರಕ್ತದ ಒತ್ತಡ ಏರುತ್ತದೆ. ಈ ಏರಿಕೆ ಯಾವ ನೋವನ್ನೂ ತೋರದೆ ವರ್ಷಗಟ್ಟಲೆ ನಡೆದು, ಒಂದು ದಿನ ಪಾರ್ಶ್ವವಾಯುವಾಗಿ ಎರಗಬಹುದು. ವಿಶ್ವ ಆರೋಗ್ಯ ಸಂಸ್ಥೆಯು ವಯಸ್ಕರಿಗೆ ದಿನಕ್ಕೆ 5 ಗ್ರಾಮಿಗಿಂತ ಕಡಮೆ ಉಪ್ಪು ಸಾಕೆನ್ನುತ್ತದೆ. ಅದೇ ಸಂಸ್ಥೆಯ 2023ರ ವರದಿಯಂತೆ ಜಗತ್ತಿನ ಸರಾಸರಿ ಸೇವನೆ ಇದರ ಇಮ್ಮಡಿಗೂ ಮಿಕ್ಕಿದೆ.

ನಮ್ಮ ಮನೆಯ ಪ್ರಮಾಣವನ್ನು ತಿಳಿಯಲು ಪ್ರಯೋಗಶಾಲೆ ಬೇಕಿಲ್ಲ. ಹೊಸ ಪೊಟ್ಟಣ ಒಡೆದ ದಿನವನ್ನು ಭರಣಿಯ ಮೇಲೆ ಬರೆದಿಟ್ಟರಾಯಿತು. ನಾಲ್ವರು ವಯಸ್ಕರಿಗೆ 1 ಕಿಲೋ ಉಪ್ಪು 50 ದಿನಗಳಾದರೂ ಬರಬೇಕು. 30 ದಿನಕ್ಕೇ ಮುಗಿದರೆ ತಲೆಗೆ 8 ಗ್ರಾಮಿಗೂ ಹೆಚ್ಚಾಯಿತು. ಬಸಿದು ಚೆಲ್ಲಿದ ನೀರಿನ ಪಾಲನ್ನು ಕಳೆಯಿರಿ, ಆಗಬಹುದು. ಆದರೆ ಹೋಟೆಲಿನ ತಿಂಡಿಯನ್ನೂ ಅಂಗಡಿಯ ಉಪ್ಪಿನಕಾಯಿಯನ್ನೂ ಕೂಡಿಸಬೇಕಾದೀತು. ಪೊಟ್ಟಣದ ಆಹಾರಗಳ ಮೇಲೆ ಸೋಡಿಯಂ ಎಂದು ಅಚ್ಚಾಗಿರುವ ಅಂಕಿಯನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ತೂಕ ಸಿಗುತ್ತದೆ.

ಇನ್ನು ಸಂಕಲ್ಪದ ಮಾತು. ವೈದ್ಯರು ಹೆದರಿಸಿದ ದಿನವೇ ಉಪ್ಪನ್ನು ಪೂರ್ತಿ ಬಿಡುವವರುಂಟು. ವಾರದೊಳಗೆ ಮನೆಯವರೆಲ್ಲರಿಗೂ ಊಟ ಶಿಕ್ಷೆಯಾಗಿ, ಉಪ್ಪಿನಕಾಯಿ ಜಾಡಿ ಮೆಲ್ಲನೆ ಹಿಂತಿರುಗುತ್ತದೆ. ಇದನ್ನು ಮನೋದೌರ್ಬಲ್ಯವೆಂದು ಹಳಿಯುವುದು ನನಗೆ ಸರಿಕಾಣದು. ನಾಲಗೆಗೆ ಅದರದೇ ಆದ ವೇಗವಿದೆ. ಅಳತೆಯನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋದರೆ ಎರಡು ಮೂರು ತಿಂಗಳಲ್ಲಿ ಅದು ಒಗ್ಗಿಕೊಳ್ಳುತ್ತದೆ. ಆಮೇಲೆ ಹಿಂದಿನ ಸಾರೇ ಉಪ್ಪುಪ್ಪಾಗಿ ತೋರುತ್ತದೆ. ಅಷ್ಟರವರೆಗೆ ನಿಂಬೆ, ಹುಣಿಸೆ, ಮೆಣಸು, ಜೀರಿಗೆಗಳು ಕೊರತೆಯನ್ನು ಮರೆಸುತ್ತವೆ. ಅಂದಾಜಿನ ಕೈಗೆ ಬದಲಾಗಿ ಚಮಚ ಹಿಡಿಯುವುದೂ ಲೇಸು. ಕೈಯಳತೆ ಅಡುಗೆಯವರ ಹೆಮ್ಮೆಯೆಂಬುದನ್ನು ನಾನು ಬಲ್ಲೆ.

ಕಲ್ಲುಪ್ಪು, ಸೈಂಧವ ಎಂದು ಹೆಸರು ಬದಲಿಸಿದರೆ ಹೊರೆ ಇಳಿಯದು. ಅವೂ ಬಹುಪಾಲು ಅದೇ ಲವಣ, ಅಯೋಡೀನ್ ಮಾತ್ರ ಕೈತಪ್ಪೀತು. ಪೊಟ್ಯಾಸಿಯಂ ಬೆರೆಸಿದ ಉಪ್ಪು ಅನೇಕರಿಗೆ ಉಪಕಾರಿ. ಮೂತ್ರಪಿಂಡದ ಕಾಯಿಲೆಯುಳ್ಳವರು ಮಾತ್ರ ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.