ಯಾವ ಕಾನೂನಿನಡಿ ಕೂಡಿಹಾಕಿದ್ದೀರಿ?

1975ರ ಜೂನ್ 26. ಸಂಸದೀಯ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಹಾಗೂ ಶ್ಯಾಮನಂದನ ಮಿಶ್ರ ಅವರನ್ನು ಪೊಲೀಸರು ಬಂಧಿಸಿ ಸೆಂಟ್ರಲ್ ಜೈಲಿಗೆ ಕಳಿಸಿದರು. ಅವರ ಪರವಾಗಿ ಕರ್ನಾಟಕ ಹೈಕೋರ್ಟ್‌ಗೆ ಹೇಬಿಯಸ್ ಕಾರ್ಪಸ್ ಅರ್ಜಿಗಳು ಹೋದವು.

ಈ ಅರ್ಜಿಯ ಬಲವೆಲ್ಲ ಒಂದು ಪ್ರಶ್ನೆಯಲ್ಲಿದೆ: ಯಾವ ಕಾನೂನಿನಡಿ ಈ ಮನುಷ್ಯನನ್ನು ಕೂಡಿಹಾಕಿದ್ದೀರಿ? ಉತ್ತರ ಹೇಳುವ ಹೊಣೆ ಕೂಡಿಹಾಕಿದವರದು. ಕೈದಿ ಒಳಗಿರುವುದರಿಂದ ಹೆಂಡತಿಯೋ ಅಣ್ಣನೋ ಗೆಳೆಯನೋ ಸಂವಿಧಾನದ 226ನೇ ವಿಧಿಯಡಿ ಹೈಕೋರ್ಟ್‌ಗೆ, 32ನೇ ವಿಧಿಯಡಿ ಸುಪ್ರೀಂ ಕೋರ್ಟ್‌ಗೆ ಹೋಗಬಹುದು.

ಆಗ ಜಾರಿಯಲ್ಲಿದ್ದ ತುರ್ತು ಪರಿಸ್ಥಿತಿಯಲ್ಲಿ ಆ ಪ್ರಶ್ನೆಯನ್ನೇ ಕೇಳಕೂಡದು ಎಂದು ಸರ್ಕಾರ ವಾದಿಸಿತು. ಕರ್ನಾಟಕವೂ ಸೇರಿ ಒಂಬತ್ತು ಹೈಕೋರ್ಟ್‌ಗಳು ಒಪ್ಪಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್ ಮುಟ್ಟಿದಾಗ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದರು: ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಯಾರನ್ನಾದರೂ ಕೊಂದರೂ ಪರಿಹಾರವಿಲ್ಲವೇ? ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂದರು, ಅಟಾರ್ನಿ ಜನರಲ್ ನಿರೇನ್ ಡೇ. ಅಷ್ಟು ಕೇಳಿದ ಮೇಲೂ 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ಪರ ನಿಂತರು. ನನಗೆ ಇಂದಿಗೂ ಅರಗದ ಸಂಗತಿ ಅದು. ಭಿನ್ನ ತೀರ್ಪು ಬರೆದ ಖನ್ನಾ ಅವರಿಗೆ ಸಿಗಬೇಕಿದ್ದ ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗಿಂತ ಕಿರಿಯರಿಗೆ ಹೋಯಿತು. ಅವರು ರಾಜೀನಾಮೆ ಕೊಟ್ಟರು.

ತುರ್ತು ಪರಿಸ್ಥಿತಿ ಬಂದರೂ ಜೀವ ಮತ್ತು ಸ್ವಾತಂತ್ರ್ಯಕ್ಕೆ 21ನೇ ವಿಧಿ ಕೊಟ್ಟ ರಕ್ಷಣೆ ಅಮಾನತಾಗದಂತೆ 1978ರ 44ನೇ ತಿದ್ದುಪಡಿ ನೋಡಿಕೊಂಡಿತು. 1976ರ ಆ ತೀರ್ಪನ್ನೇ ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಪ್ರಕರಣದಲ್ಲಿ.

ನಾಯಕರಿಗೆ ವಕೀಲರಿದ್ದರು. ಯಾರೂ ಇಲ್ಲದ ಕೈದಿಗೆ? ತಿಹಾರ್ ಜೈಲಿನಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ, ಹಣ ಕೀಳಲು ವಾರ್ಡರ್ ಇನ್ನೊಬ್ಬ ಕೈದಿಗೆ ಕೊಟ್ಟ ಚಿತ್ರಹಿಂಸೆಯನ್ನು ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ ಪತ್ರ ಬರೆದು ತಿಳಿಸಿದರು. ಆ ಪತ್ರವನ್ನೇ ನ್ಯಾಯಾಲಯ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಸ್ವೀಕರಿಸಿತು. ವಕೀಲರನ್ನು ನೇಮಿಸಿ ಜೈಲಿನೊಳಗೆ ಕಳಿಸಿತು. ಸಕ್ರಮವಾಗಿ ಶಿಕ್ಷೆ ಅನುಭವಿಸುತ್ತಿರುವ ಕೈದಿಯೂ ಒಳಗಿನ ಕ್ರೌರ್ಯದ ವಿರುದ್ಧ ಈ ರಿಟ್ ಬಳಸಬಹುದು ಎಂದು 1979ರ ಡಿಸೆಂಬರ್‌ನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದರು.

ಬಿಹಾರದ ರುದುಲ್ ಸಾಹ್ 1968ರಲ್ಲೇ ಖುಲಾಸೆಯಾಗಿದ್ದರೂ 14 ವರ್ಷ ಜೈಲಿನಲ್ಲೇ ಕೊಳೆತರು. ಹೇಬಿಯಸ್ ಕಾರ್ಪಸ್ ಅರ್ಜಿ ವಿಚಾರಣೆಗೆ ಬರುವ ಮೊದಲೇ ಅವರನ್ನು ಬಿಟ್ಟು ಕೈತೊಳೆದುಕೊಳ್ಳಲು ಸರ್ಕಾರ ನೋಡಿತು. ಸುಪ್ರೀಂ ಕೋರ್ಟ್ ಬಿಡಲಿಲ್ಲ. 1983ರಲ್ಲಿ, ಅದೇ ಅರ್ಜಿಯ ಮೇಲೆ, ಒಟ್ಟು 35,000 ರೂಪಾಯಿ ಕೊಡಿಸಿತು. ಪೂರ್ಣ ಪರಿಹಾರಕ್ಕೆ ಸರ್ಕಾರದ ಮೇಲೆ ದಾವೆ ಹೂಡುವ ಅವರ ಹಕ್ಕನ್ನೂ ಹಾಗೆಯೇ ಉಳಿಸಿತು.